ಕಸಬರಿಗೆಗಿಂತ ಮೊದಲು ಏಳುವ ಮಷೀನು

ಅವತ್ತು ಬೆಳಿಗ್ಗೆಯೂ ನಾನೇ ಸೋತೆ.

ತಿಕೋಟಾ ಬಸ್ ನಿಲ್ದಾಣದ ಎದುರು ನಮ್ಮದೊಂದು ಸಣ್ಣ ಅಂಗಡಿ. ಝೆರಾಕ್ಸ್, ಪಾಸ್‌ಪೋರ್ಟ್ ಫೋಟೊ, ಲಗ್ನಪತ್ರಿಕೆ. ಬಾಗಿಲು ತೆರೆದ ಕೂಡಲೇ ನಮ್ಮವರು, ಧೂಳಪ್ಪನವರು, ಕಂಪ್ಯೂಟರಿನ ಗುಂಡಿ ಒತ್ತುತ್ತಿದ್ದರು. ನಾನು ಕಸಬರಿಗೆ ಹಿಡಿಯುತ್ತಿದ್ದೆ. ಕಸ ಹೊಸ್ತಿಲು ದಾಟುವುದರೊಳಗೆ ಪರದೆ ಬೆಳಗಿದರೆ ಅವರು ಗೆದ್ದ ಹಾಗೆ.

"ಸೋತಿ ನೋಡಬೇ ಪರಸವ್ವಾ!"

"ನಿಮ್ಮ ಮಷೀನಿಗೆ ಸೊಂಟಾ ಬಗ್ಗಸೂ ಕೆಲಸಾ ಇಲ್ಲಲ್ರಿ."

ಮೊದಲು ಹೀಗಿರಲಿಲ್ಲ. ಗುಂಡಿ ಒತ್ತಿ, ಕಸ ಹೊಡೆದು, ನೀರು ಚಿಮುಕಿಸಿ, ಊದಿನಕಡ್ಡಿ ಹಚ್ಚಿ, ಚಹಾ ಕುಡಿದು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಫೋಟೊ ತೆರೆಯಲು ಹೋದರೆ ಕೇಳದ ಸುದ್ದಿ, ಕೇಳದ ಆಟ ಎದುರು ಬಂದು ಕೂಡುತ್ತಿದ್ದವು. ಕೊನೆಗೆ, ಆ ಸಿಸ್ಟಮ್ಮಿಗೆ ಕಂಪನಿ ಇನ್ನು ರಿಪೇರಿ ಕೊಡುವುದಿಲ್ಲ, ಹೊಸ ಸಿಸ್ಟಮ್ ಈ ಮಷೀನಿನಲ್ಲಿ ಕೂಡುವುದಿಲ್ಲ ಎಂದಾಯಿತು.

ಯಾಕೂಬ ಇವರ ಶಾಲೆಯ ಗೆಳೆಯ. ವಿಜಯಪುರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಾರೆ, ಹೊಸದು ಮಾರುತ್ತಾರೆ.

"ಹೊಸಾದು ತಗೊಳ್ಳೋ ಮಾರಾಯಾ. ಇದು ಮುದಿ ಆಗೇತಿ," ಎಂದರು.

"ಮಷೀನ್ ಮುದಿ ಆಗಿಲ್ಲಲೇ. ಮ್ಯಾಲಿನ ಹೊರಿ ಹೆಚ್ಚಾಗೇತಿ. ಹೊರಿ ಇಳಸ್ತೇನಿ."

ಇಳಿಸಿದರು. ಹಳೆಯ ಸಿಸ್ಟಮ್ ತೆಗೆದು ಲಿನಕ್ಸ್ ಎಂಬ ಬೇರೆ ಸಿಸ್ಟಮ್ ಹಾಕಿದರು. ಮಷೀನು ಹಗುರಾಯಿತು. ಆದರೆ ಪ್ರಿಂಟರ್ ಮಾತು ಬಿಟ್ಟಿತು. ಘೋಣಸಗಿಯವರ ಲಗ್ನಪತ್ರಿಕೆ ತೆರೆದರೆ ಒಂದು ಅಕ್ಷರವೂ ಅಕ್ಷರದ ಹಾಗಿರಲಿಲ್ಲ.

"ಏನಲೇ ಇದು, ಮದಮಗಳ ಹೆಸರೋ, ಇರಿವಿ ಸಾಲೋ?" ಎಂದು ಯಾಕೂಬ ಹೊಟ್ಟೆ ಹಿಡಿದು ನಕ್ಕರು.

ಇವರು ಪತ್ರಿಕೆ ಪೂರ್ತಿ ಮತ್ತೆ ಟೈಪ್ ಮಾಡಿದರು. ಊಟ ಬಿಟ್ಟರು, ಹಟ ಬಿಡಲಿಲ್ಲ. ಬೈಯುತ್ತಲೇ ಯಾಕೂಬ ಪಕ್ಕದಲ್ಲಿ ಕುಳಿತು ಪ್ರಿಂಟರ್ ಸರಿ ಮಾಡಿಕೊಟ್ಟರು.

ನಾನು ಓದಿದ್ದು ನಾಲ್ಕನೇ ಇಯತ್ತೆ. ಇಂಗ್ಲಿಷ್ ಬರುವುದಿಲ್ಲ. ಇವರು ಪರದೆಯನ್ನೆಲ್ಲ ಕನ್ನಡ ಮಾಡಿದರು. ಅಡುಗೆಮನೆಯಲ್ಲಿ ನಾನು ಡಬ್ಬಿ ಇಟ್ಟ ಹಾಗೆ ಕೆಲಸಗಳನ್ನು ಸಾಲಾಗಿ ಇಟ್ಟರು. ಮೇಲೆ ಫೋಟೊ, ಅದರ ಕೆಳಗೆ ಝೆರಾಕ್ಸ್, ಮೂಲೆಯಲ್ಲಿ ಪತ್ರಿಕೆ.

ಯಾಕೂಬ ಆಗಲೂ ಬಿಡಲಿಲ್ಲ. "ಎಲ್ಲಾರೂ ಬಳಸೂದ ಛಲೋ ವೈನಿ. ಅಪ್‌ಡೇಟ್ ಆದಾಗೊಮ್ಮೆ ಏನರ ಹೊಸಾದು ಬರತೈತಿ."

"ನೀವು ನನ್ನ ಅಡಗಿ ಮನಿಗೆ ಬಂದು, ಕೇಳದ ಡಬ್ಬಿ ಸರಸಿ, ಮ್ಯಾಲ ನಾಕ ಹೊಸಾ ಡಬ್ಬಿ ಇಟ್ಟ ಹೋದ್ರ ಸಾರು ರುಚಿ ಆಗತೈತೇನ್ರಿ?"

"ಗಂಡಾ ಹೆಂಡ್ತಿ ಕೂಡೇ ಬಡೀತೀರಿ," ಎಂದು ಕೈ ಮುಗಿದರು.

ಅವತ್ತು ಬೆಳಿಗ್ಗೆ ನಾನು ಸೋತು, ಕಸ ಹೊಡೆದಾದ ಮೇಲೆ ಇವರು ಫೋಟೊದ ಸ್ಟೂಲಿನ ಮೇಲೆ ತಾವೇ ಕುಳಿತರು.

"ಇವತ್ತ ನನ್ನ ಫೋಟೊ ನೀ ತಗಿ."

"ಅಂಗಿ ಗುಂಡಿ ಹಾಕ್ಕೊರಿ."

"ಯಾಕ, ಲಗ್ನಕ್ಕ ಹೊಂಟೇನೇನು?"

ನಕ್ಕರು. ನಕ್ಕಾಗಲೇ ತೆಗೆದೆ. ಕತ್ತರಿಸುವುದು, ಹಿಗ್ಗಿಸುವುದು ಎಲ್ಲ ಹೇಳಿಕೊಟ್ಟರು. ಕೈ ಬೆನ್ನಿಗೆ ಕಟ್ಟಿಕೊಂಡು ನಿಂತಿದ್ದರು, ಮೌಸ್ ಮುಟ್ಟಲಿಲ್ಲ. ಪ್ರಿಂಟ್ ತೆಗೆಯುವಷ್ಟರಲ್ಲಿ ಗಿರಾಕಿ ಬಂದರು. ಫೋಟೊ ಮಷೀನಿನಲ್ಲೇ ಉಳಿಯಿತು.

ಮಧ್ಯಾಹ್ನ ಲಗ್ನಪತ್ರಿಕೆಯ ಗಂಟು ತೆಗೆದುಕೊಂಡು ಬಬಲೇಶ್ವರಕ್ಕೆ ಹೋದರು. ಅಲ್ಲಿ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಎದೆ ಹಿಡಿದು ಕುಳಿತರಂತೆ. ಏಳಲಿಲ್ಲ.

ನನ್ನ ಮೈದುನ ಪರಮೇಶ್ವರ ವಿಜಯಪುರದಲ್ಲಿ ನೌಕರಿಯಲ್ಲಿದ್ದಾನೆ. ಮಣ್ಣು ಮಾಡಿ ಬಂದ ಮೇಲೆ ಹೇಳಿದ: "ವೈನಿ, ಅಂಗಡಿ ಬಂದ್ ಮಾಡೂಣು. ಆ ಮಷೀನ್ ಅಣ್ಣಗಷ್ಟ ತಿಳೀತಿತ್ತು. ಯಾಕೂಬಣ್ಣ ಎಲ್ಲಾ ಅಳಿಸಿ ಮೊದಲಿಂದ ಹಾಕ್ತಾನ. ಮಾರೂಣು."

ಅವನು ಕೆಟ್ಟವನಲ್ಲ. ಆದರೆ ಅದನ್ನು ಅಳಿಸಿದರೆ ನನಗೆ ಕೂಡಲು ಜಾಗವೇ ಇರುತ್ತಿರಲಿಲ್ಲ. ಬೇರೆ ಮಷೀನು ನನಗೆ ಬರುವುದಿಲ್ಲ. ಅಂಗಡಿಯ ಒಂದು ಕೀಲಿ ಅವನು ಇಟ್ಟುಕೊಂಡ, ಇನ್ನೊಂದು ನನ್ನ ಸೆರಗಿನ ಗಂಟಿನಲ್ಲೇ ಇತ್ತು.

ದಿನಕರ್ಮದಂದು ಹಾರ ಹಾಕಿ ಪೂಜೆ ಮಾಡಲು ತೀರಿದವರ ಫೋಟೊ ಬೇಕು. ಊರಿನವರ ಫೋಟೊ ಎಲ್ಲ ತೆಗೆದ ಇವರದು ಮನೆಯಲ್ಲಿದ್ದುದು ಲಗ್ನದ ಫೋಟೊ ಒಂದೇ. ಪರಮೇಶ್ವರ ಅದನ್ನೇ ದೊಡ್ಡದು ಮಾಡಿಸಲು ವಿಜಯಪುರದ ಒಂದು ಸ್ಟುಡಿಯೊಕ್ಕೆ ಒಯ್ದ. ಕಾರ್ಯದ ಹೊತ್ತಾಯಿತು. ಫೋನ್ ಬಂತು.

"ವೈನಿ, ಇಲ್ಲಿ ಕಂಪ್ಯೂಟರ್ ಅಪ್‌ಡೇಟ್ ಆಗಾಕತ್ತೈತಿ. ಬಂದ್ ಮಾಡಬ್ಯಾಡ್ರಿ ಅಂತ ಬರದೈತಿ. ಯಾವಾಗ ಮುಗೀತೈತೋ ಯಾರಿಗೂ ಗೊತ್ತಿಲ್ಲ."

ನಾನು ಎದ್ದೆ.

"ಎಲ್ಲಿಗೆ ಹೊಂಟಿ ಪರಸವ್ವಾ? ಇನ್ನೂ ದಿನಾ ಮುಗದಿಲ್ಲ, ಹೊಸ್ತಿಲಾ ದಾಟಬಾರದು," ಎಂದರು ಹೆಂಗಸರು.

"ಅವ್ರನ್ನ ಕರಕೊಂಡ ಬರಾಕ."

ಅಂಗಡಿ ತೆರೆದು ಗುಂಡಿ ಒತ್ತಿದೆ. ಸೆರಗಿನಿಂದ ಪರದೆಯ ಧೂಳು ಒರೆಸುವಷ್ಟರಲ್ಲಿ ಎದ್ದಿತು. ಎಲ್ಲವೂ ಇಟ್ಟಲ್ಲೇ ಇತ್ತು. ಫೋಟೊ ತೆರೆದೆ. ಇವರು ನಗುತ್ತಿದ್ದರು, ಅಂಗಿಯ ಗುಂಡಿ ಬಿಚ್ಚಿತ್ತು. ಹೇಳಿಕೊಟ್ಟ ಹಾಗೆ ಕತ್ತರಿಸಿದೆ, ಹಿಗ್ಗಿಸಿದೆ. ಪ್ರಿಂಟರ್ ಗುರುಗುಟ್ಟಿತು. ಇವರು ಬಡಿಯುತ್ತಿದ್ದ ಹಾಗೆ ಅದರ ಪಕ್ಕೆಗೆ ಒಂದು ಬಡಿದೆ. ಮೊದಲು ಹಣೆ ಬಂತು. ಆಮೇಲೆ ಕಣ್ಣು. ಆಮೇಲೆ ನಗು.

ಯಾಕೂಬ ನನ್ನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದರು. ಕಣ್ಣು ಒರೆಸಿಕೊಂಡರು.

"ಇದನ್ನ ನಾ ಅಳಸೂದಿಲ್ಲ ವೈನಿ. ನಿಮ್ಮ ಗಂಡ ಗೆದ್ದ."

ಪರಮೇಶ್ವರ ಬರಿಗೈಯಲ್ಲಿ ಬಂದ. ಫೋಟೊ ನೋಡಿದ, ನನ್ನನ್ನು ನೋಡಿದ.

"ಇದನ್ನ ನೀವ ತಗದ್ರೇನು?"

"ಹೂಂ."

"ನಗೂ ಫೋಟೊಕ್ಕ ಹಾರಾ ಹಾಕಬಾರದಂತಾರ ವೈನಿ."

"ಅವ್ರು ಗೆದ್ದಾರ. ನಗಲಿ ಬಿಡು."

ಹಾರ ಹಾಕಿದ. ಸಂಜೆ ತನ್ನ ಹತ್ತಿರವಿದ್ದ ಅಂಗಡಿಯ ಕೀಲಿಯನ್ನೂ ತಂದು ನನ್ನ ಕೈಯಲ್ಲಿಟ್ಟ.

ಈಗ ಅವರ ಕುರ್ಚಿಯಲ್ಲಿ ನಾನು ಕೂಡುತ್ತೇನೆ. ಹೆಬ್ಬೆರಳ ಗುರುತು ಹಿಡಿಯುವ ಯಂತ್ರ ನಮ್ಮ ಮಷೀನಿಗೆ ಹೊಂದುವುದಿಲ್ಲ. ಆ ಕೆಲಸದವರನ್ನು ಪಕ್ಕದ ಅಂಗಡಿಗೆ ಕಳಿಸುತ್ತೇನೆ. ಉಳಿದುದೆಲ್ಲ ನಡೆದಿದೆ. ಬಬಲೇಶ್ವರದವರು ಪತ್ರಿಕೆ ಇನ್ನೂ ಇಲ್ಲೇ ಮಾಡಿಸುತ್ತಾರೆ. ಮೊನ್ನೆ ಕನಮಡಿಯವರೊಬ್ಬರು ಮುಗ್ಗರಿಸುವ ಕಂಪ್ಯೂಟರನ್ನು ಯಾಕೂಬರ ಕಡೆ ಒಯ್ದರೆ ಅವರು, "ಹೊಸಾದು ಆಮ್ಯಾಲ ತಗೊಳ್ರಿ. ಮೊದಲ ತಿಕೋಟಾಕ್ಕ ಹೋಗಿ ನಮ್ಮ ವೈನಿ ಮಷೀನ್ ನೋಡಿ ಬರ್ರಿ," ಎಂದು ಕಳಿಸಿದ್ದರು. ನೋಡಿದರು. ತಿರುಗಿ ಹೋಗಿ ಯಾಕೂಬರಿಂದಲೇ ತಮ್ಮದಕ್ಕೂ ಲಿನಕ್ಸ್ ಹಾಕಿಸಿಕೊಂಡರು.

ಬೆಳಿಗ್ಗೆ ಬಾಗಿಲು ತೆರೆಯುತ್ತೇನೆ. ಗುಂಡಿ ಒತ್ತುತ್ತೇನೆ. ಕಸಬರಿಗೆ ಹಿಡಿದು ಮೂಲೆಯಿಂದ ಹೊಡೆಯುತ್ತ ಬರುತ್ತೇನೆ. ಈಗ ನನ್ನ ಕೈ ಬಹಳ ಜೋರಾಗಿದೆ. ಆದರೂ ಕಸ ಹೊಸ್ತಿಲಿಗೆ ಬರುವುದರೊಳಗೆ ಹಿಂದೆ ಬೆಳಕು ಬೀಳುತ್ತದೆ. ತಿರುಗಿ ನೋಡಿ, ಕಸ ಹೊರಗೆ ಹಾಕುತ್ತೇನೆ.