ಗಲ್ಲಿನ ಕಡತಕ್ಕೆ ಬಾಲ್ಯ ಹುಡುಕುವ ಅಕ್ಕ

ಬೆಳಗಿನ ಐದೂ ಮುಕ್ಕಾಲು. ಆಸ್ಪತ್ರೆಯ ಹಿಂಬಾಗಿಲಲ್ಲಿ, ಮುರಿದ ಮಂಚಗಳನ್ನು ಪೇರಿಸಿಟ್ಟ ಮೂಲೆಯಲ್ಲಿ, ಹೆಗಲಿಗೆ ಬಟ್ಟೆಚೀಲ ಹಾಕಿಕೊಂಡು ಹೆಂಗಸೊಬ್ಬರು ಕಾಯುತ್ತಿದ್ದಾರೆ. ದಾಖಲೆ ಕೋಣೆಯ ಗುಮಾಸ್ತರು ಬೀಗ ತೆಗೆಯುತ್ತಲೇ ಗೊಣಗುತ್ತಾರೆ.

"ಮತ್ತೆ ಬಂದ್ಯೇನಮ್ಮ? ಇಪ್ಪತ್ತಾರು ವರ್ಷದ ಹಿಂದಿನ ರಿಜಿಸ್ಟರು ಅಂದ್ರೆ ಇಲಿಗಳನ್ನೇ ಕೇಳ್ಬೇಕು."

"ಕೇಳಿ ಸಾರ್. ಅವು ತಿಂದು ಮಿಕ್ಕಿದ್ದು ಕೊಟ್ರೂ ಸಾಕು."

ಇದು ಅವರ ಆರನೇ ಬೆಳಗು. ಚೀಲದಲ್ಲಿ, ತನ್ನ ಹಳೆಯ ದಾಖಲೆ ಪಡೆಯಲು ಕೈದಿಯೊಬ್ಬ ಬರೆದುಕೊಟ್ಟ ಒಪ್ಪಿಗೆ ಪತ್ರವಿದೆ. ಈ ಹೆಂಗಸಿನ ವಯಸ್ಸು ಮೂವತ್ತೊಂಬತ್ತು, ಓದುತ್ತಿರುವುದು ಕಾನೂನಿನ ಕೊನೆಯ ವರ್ಷ. ಮರಣದಂಡನೆಗೆ ಗುರಿಯಾದವರ ಪರ ವಾದಿಸುವ ಪುಟ್ಟದೊಂದು ವಕೀಲರ ಕಚೇರಿಯಲ್ಲಿ ಸಂಬಳವಿಲ್ಲದ ಇಂಟರ್ನ್. ಜೊತೆಯ ನಾಲ್ವರೂ ಇಪ್ಪತ್ತರ ಆಸುಪಾಸಿನವರಾದ್ದರಿಂದ ಎಲ್ಲರಿಗೂ ಇವರು "ಅಕ್ಕ". ಹೈಸ್ಕೂಲಿಗೆ ಹೋಗುವ ಮಗಳಿಗಂತೂ ದಿನಾ ತಮಾಷೆ: "ನನ್ ಹೋಂವರ್ಕ್ ಮುಗೀತಮ್ಮ. ನಿಂದು ಎಲ್ಲಿಗೆ ಬಂತು?"

ಅಪರಾಧ ಮಾಡಿದನೋ ಇಲ್ಲವೋ ಎಂಬುದು ಹಿರಿಯ ವಕೀಲರ ತಲೆನೋವು. ಅಕ್ಕನ ಕೆಲಸವೇ ಬೇರೆ. ಗಲ್ಲೋ ಜೀವಾವಧಿಯೋ ಎಂದು ತೀರ್ಮಾನವಾಗುವ ಮುನ್ನ, ಆ ಮನುಷ್ಯ ಬೆಳೆದು ಬಂದ ದಾರಿಯನ್ನು ಪುರಾವೆ ಸಮೇತ ನ್ಯಾಯಾಲಯದ ಮುಂದಿಡಬೇಕು. ಎರಡು ವರ್ಷದಲ್ಲಿ ಮೂರು ಕಡತ, ನೂರಾ ಹನ್ನೊಂದು ಮನೆ, ಎಂಟು ಶಾಲೆಗಳ ಹಾಜರಿ ಪುಸ್ತಕ. ಎಷ್ಟೋ ಬಾಗಿಲು ಮುಖಕ್ಕೇ ರಪ್ಪನೆ ಬಡಿದಿವೆ.

ಮನೆಯಲ್ಲಿ ಅತ್ತೆಯೂ ಬಿಡುವುದಿಲ್ಲ. "ಕೊಂದವನಿಗೋಸ್ಕರ ಚಪ್ಪಲಿ ಸವೆಸ್ತೀಯಲ್ಲೇ, ಸತ್ತವರ ಮನೇಲಿ ಅಳ್ತಿಲ್ವಾ?"

"ಅಳ್ತಿದಾರೆ ಅತ್ತೆ. ಅವರ ದುಃಖ ಸುಳ್ಳು ಅಂತ ನಾನೆಲ್ಲೂ ಬರ್ದಿಲ್ಲ. ಇವನಿಗೂ ಒಂದು ಬಾಲ್ಯ ಇತ್ತು ಅಂತ ಬರೀತೀನಿ, ಅಷ್ಟೆ."

ಅತ್ತೆ ಮುಖ ಊದಿಸಿಕೊಂಡೇ ಊಟದ ಡಬ್ಬಿ ತುಂಬಿಸಿ ಚೀಲಕ್ಕೆ ಹಾಕುತ್ತಾರೆ.

ಆದರೆ ಈ ಆರು ಬೆಳಗುಗಳ ಹಿಂದೆ ಅಕ್ಕನದೇ ಒಂದು ತಪ್ಪಿದೆ. ಯಾವ ಮನೆಗೇ ಹೋಗಲಿ, ಮೊದಲ ಭೇಟಿಯಲ್ಲಿ ಪೆನ್ನು ಹೊರತೆಗೆಯಬಾರದು ಎಂಬುದು ಕಚೇರಿಯ ಕಟ್ಟಳೆ. ಸುಮ್ಮನೆ ಕೂತು ಕೇಳಬೇಕು. ಆಮೇಲೆ ಬಸ್ಸಿನಲ್ಲಿ ಬರೆದುಕೊಳ್ಳಬೇಕು. ಕಳೆದ ವರ್ಷ ಕೈದಿಯ ತಾಯಿ ಹಾಗೆಯೇ ಮಾತಾಡುತ್ತಾ ಹೇಳಿದ್ದರು: ಮಗನಿಗೆ ಆರು ತುಂಬಿದಾಗ ಗಂಡ ಅವನನ್ನು ಎತ್ತಿ ಗೋಡೆಗೆ ಬಡಿದಿದ್ದ, ಈ ಆಸ್ಪತ್ರೆಗೆ ಹೊತ್ತು ತಂದಿದ್ದಾಯಿತು, ವರ್ಷವಿಡೀ ಮಗು ಬಾಯಿ ಬಿಡಲಿಲ್ಲ. ಬಸ್ಸಿನಲ್ಲಿ ಅಕ್ಕ ಅದನ್ನು ಕೈಬಿಟ್ಟು, "ಅನ್ಯೋನ್ಯ ಕುಟುಂಬ" ಎಂದು ಬರೆದರು.

"ಮನೆ ಮರ್ಯಾದೆ ಉಳಿಸಿದ್ರೆ ಅವನಿಗೆ ಒಳ್ಳೇದಾಗತ್ತೆ ಅಂದ್ಕೊಂಡೆ. ಹೊಸಬರೆಲ್ಲ ಮಾಡೋ ತಪ್ಪಿದು. ನಮ್ಮ ಕೆಲಸದಲ್ಲಿ ಯಾವುದು ಹೇಳೋಕೆ ನಾಚಿಕೆಯೋ ಅದೇ ಬೇಕು" ಎನ್ನುತ್ತಾರೆ.

ತಪ್ಪು ಅರಿವಾಗಿ ಮತ್ತೆ ಹೋಗುವಷ್ಟರಲ್ಲಿ ಆ ತಾಯಿ ತೀರಿಕೊಂಡಿದ್ದರು. ತಂದೆ ಸತ್ತು ದಶಕವಾಗಿದೆ. ತಂಗಿ ಆಗಿನ್ನೂ ಕೈಗೂಸು. ಕೈದಿಗೆ ಏನೂ ನೆನಪಿಲ್ಲ. ಸೋಮವಾರ ಶಿಕ್ಷೆಯ ಬಗ್ಗೆ ಕೊನೆಯ ವಿಚಾರಣೆ. ಇನ್ನು ಸಾಕ್ಷಿ ಹೇಳಬಲ್ಲದ್ದು ಈ ಆಸ್ಪತ್ರೆಯ ರಿಜಿಸ್ಟರಿನ ಒಂದು ಹಾಳೆ ಮಾತ್ರ.

ಏಳೂವರೆಗೆ ಗುಮಾಸ್ತರು ಧೂಳು ಕೊಡವುತ್ತಾ ಕೂಗುತ್ತಾರೆ: "ಬಾಮ್ಮ, ಈ ಹೆಸರು ನೋಡು!"

ಅಂಚು ಉದುರುತ್ತಿರುವ ಪುಟದಲ್ಲಿ ಮೂರೇ ಸಾಲು. ಗಂಡು ಮಗು, ಆರು ವರ್ಷ, ತಲೆಗೆ ಪೆಟ್ಟು, ಮಾತಿಲ್ಲ. ಬೆನ್ನ ಮೇಲೆ ಹಳೆಯ ಬಾಸುಂಡೆಗಳು. ತಾಯಿಯ ಹೇಳಿಕೆ: ಮೆಟ್ಟಿಲಿನಿಂದ ಬಿದ್ದದ್ದು.

"ಅಯ್ಯೋ, ಬಿದ್ದದ್ದು ಅಂತಿದೆಯಲ್ಲ" ಗುಮಾಸ್ತರ ಮುಖ ಸಣ್ಣಗಾಗುತ್ತದೆ. "ಉಪಯೋಗಕ್ಕೆ ಬರಲ್ವೇನೋ."

ಅಕ್ಕ ಆ ಸಾಲಿನ ಮೇಲಿಟ್ಟ ಬೆರಳು ತೆಗೆಯುವುದಿಲ್ಲ. "ಬರತ್ತೆ ಸಾರ್. ಆಯಮ್ಮನೂ ನನ್ನ ಹಾಗೇ ಮರ್ಯಾದೆ ಉಳಿಸೋಕೆ ಹೋಗಿದಾರೆ. ಮೊದಲಿಂದ್ಲೂ ಒಂದೇ ಮನೇಲಿದ್ದವರು ಅವರು. ನಾಲ್ಕು ಸಲ ಹೋಗಿ ಬಂದಿದ್ದೀನಿ. ಹೊಸ್ತಿಲು ದಾಟಿದ್ರೆ ಸೀದಾ ರಸ್ತೆ. ಅಲ್ಲಿ ಮೆಟ್ಟಿಲೇ ಇಲ್ಲ. ಬಿದ್ರೆ ಬೆನ್ನ ಮೇಲೆ ಬಾಸುಂಡೆ ಬರತ್ತಾ?"

ಗುಮಾಸ್ತರು ತಮ್ಮ ಕುರ್ಚಿಯನ್ನೇ ಅವರತ್ತ ಸರಿಸುತ್ತಾರೆ. ಅಕ್ಕ ಕೂತು, ಪ್ರಮಾಣೀಕೃತ ನಕಲಿಗೆ ಅರ್ಜಿ ಬರೆಯತೊಡಗುತ್ತಾರೆ. ಗೆಲ್ಲುತ್ತೀರಾ ಎಂದರೆ ತಲೆ ಎತ್ತದೆಯೇ ಹೇಳುತ್ತಾರೆ:

"ಹಾಗೆಲ್ಲ ಹೇಳೋಕೆ ನಾನ್ಯಾರು? ಸೋಮವಾರ ಜಡ್ಜು ಅವನನ್ನ ನೋಡುವಾಗ ಎದುರಿಗೆ ಮೂವತ್ತೆರಡು ವರ್ಷದ ಗಂಡಸು ನಿಂತಿರ್ತಾನೆ. ತೀರ್ಪು ಹೇಳೋ ಮುಂಚೆ, ಈ ಮಗೂನೂ ಒಂದ್ಸಲ ನೋಡ್ಲಿ."