ಅವ್ವನ ಭಾರಕ್ಕೆ ಬಿಗಿದ ವಂಡಿ

ನಮ್ಮ ಸೆಲ್ವ ಮಾವ ಏನನ್ನೇ ಕಂಡರೂ ಅಂಗೈಯಲ್ಲಿ ಒಮ್ಮೆ ಒತ್ತಿ ನೋಡದೆ ಬಿಡುತ್ತಿರಲಿಲ್ಲ. ಮಗ್ಗಕ್ಕೆ ಏರಿಸಿದ ಹಾಸುನೂಲನ್ನು ಒತ್ತುವುದು ಸರಿ. ಅವರ ಊರಾದ ಸೋಮನೂರಿನಲ್ಲಿ ಪವರ್‌ಲೂಮ್ ಇಟ್ಟವರೆಲ್ಲ ಹಾಗೆಯೇ ಬಿಗಿ ನೋಡುತ್ತಾರೆ. ಇವರು ನನ್ನನ್ನು ಕೊಡುವ ಮನೆಗೆ ಬಂದಾಗ ಅವರ ಸೋಫಾವನ್ನೂ ಒತ್ತಿ, "ಒಂದು ಪಕ್ಕ ಇಳಿದದೆ," ಎಂದು ಬೀಗರೆದುರೇ ತೀರ್ಪು ಕೊಟ್ಟವರು. ಸಂಕೋಚ ಎನ್ನುವುದು ನಿನ್ನ ತವರಿನವರಿಗೆ ಗೊತ್ತೇ ಇಲ್ಲ ಎಂದು ಅಪ್ಪ ಅಮ್ಮನನ್ನು ಛೇಡಿಸುತ್ತಿದ್ದರು. ನನಗಂತೂ ಮಾವನೆಂದರೆ ಆಗಲೂ ಹೆಮ್ಮೆ, ಈಗಲೂ ಹೆಮ್ಮೆ.

ಮಾವನ ತಾಯಿ, ಅಂದರೆ ನಮ್ಮಜ್ಜಿಗೆ ಒಬ್ಬ ಅಕ್ಕ. ಮದುಕ್ಕರೈ ಆಚೆ, ಬೆಟ್ಟದ ಬುಡದ ತೋಟದಲ್ಲಿ ಹಾಸಿಗೆ ಹಿಡಿದಿದ್ದಳು. ತಂಗಿಯನ್ನು ಒಮ್ಮೆ ಕಣ್ಣಲ್ಲಿ ಕಾಣಬೇಕೆಂದು ಹೇಳಿ ಕಳಿಸುತ್ತಲೇ ಇದ್ದಳು. ಮಾವ ತಮ್ಮ ಎಸ್‌ಯುವಿಯಲ್ಲಿ ಅಜ್ಜಿಯನ್ನು ಕರೆದೊಯ್ದರು. ತೋಟದ ಮನೆ ಕಾಣುವಷ್ಟು ಹತ್ತಿರ ಹೋದಾಗ ಹಳ್ಳದ ಬಂಡೆಗೆ ಗಾಡಿಯ ಹೊಟ್ಟೆ ಬಡಿದು ಎಣ್ಣೆ ಸೋರತೊಡಗಿತು. ಅಜ್ಜಿಗೆ ನಡೆಯಲಾಗದು, ಟ್ರ್ಯಾಕ್ಟರಿಗೆ ಅವಳ ಸೊಂಟ ಒಪ್ಪದು. ಕುಳಿತಲ್ಲಿಂದಲೇ ಆ ಮನೆಯ ಕಡೆ ಕೈ ಮುಗಿದಳು. ಮಾವ ಸೋರುವಲ್ಲಿ ಸೋಪು ಮೆತ್ತಿ ಗಾಡಿ ತಿರುಗಿಸಿದರು.

ಸ್ಪ್ರಿಂಗ್ ಬದಲಿಸಿದರೆ ಗಾಡಿ ಎತ್ತರವಾಗುತ್ತದೆ, ಬಿಟ್ಟು ಹೋಗಿ ಎಂದು ಎಣ್ಣೆ ಸೋರುವುದನ್ನು ಸರಿಮಾಡಿದ ಉಕ್ಕಡಂನ ಗ್ಯಾರೇಜಿನಲ್ಲಿ ಹೇಳಿದರಂತೆ. ಮಾವ ಉದ್ದನೆಯ ಸ್ಪ್ರಿಂಗುಗಳನ್ನು ಮಾತ್ರ ಕೊಂಡು ಮನೆಗೆ ಬಂದರು. "ನಮ್ಮವ್ವ ಕೂರೋ ವಂಡಿ. ನಾನೇ ಎತ್ತುತೀನಿ," ಎಂದರು.

ಮಗ್ಗದ ಶೆಡ್ಡಿನ ಬಾಗಿಲಲ್ಲೇ ಅಜ್ಜನ ಕೈಮಗ್ಗದ ಗುಂಡಿ ಇತ್ತು. ಅದರೊಳಗೆ ಕಾಲು ಇಳಿಬಿಟ್ಟು ಅಜ್ಜ ಸೀರೆ ನೇಯುತ್ತಿದ್ದರಂತೆ. ಮುಚ್ಚಿಸಿ ಎಂದು ಅತ್ತೆ ಹೇಳಿ ಹೇಳಿ ಸೋತಿದ್ದರು. ಈಗ ಮಾವ ಹಲಗೆ ಸರಿಸಿ, ಗಾಡಿಯನ್ನು ಗುಂಡಿಯ ಮೇಲೆ ತಂದು ಜ್ಯಾಕ್ ಕೊಟ್ಟು ಎತ್ತಿ, ಅತ್ತೆಯನ್ನು ಒಮ್ಮೆ ಗೆದ್ದವರ ಹಾಗೆ ನೋಡಿ, ಕೆಳಗಿಳಿದರು.

ಚಕ್ರಗಳು ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಹೊಸ ಸ್ಪ್ರಿಂಗ್ ಕೂರಿಸಿ, ಎಲ್ಲ ಬೋಲ್ಟುಗಳನ್ನೂ ಹಲ್ಲು ಕಚ್ಚಿ ಬಿಗಿದರು. ಮಗ್ಗದವರು ಮಾಡುವಂಥ ತಪ್ಪು ಅದು. ಮಗ್ಗವನ್ನು ಮೊದಲು ಬಿಗಿದು, ಆಮೇಲೆ ಹಾಸಿನ ಭಾರ ಏರಿಸುತ್ತಾರೆ. ಗಾಡಿ ಇಳಿಸಿ ಓಡಿಸಿದರೆ ರಸ್ತೆಯ ಹಂಪು ಬಂದಾಗಲೆಲ್ಲ ನರಳಿತು. ಬಗ್ಗಿ ನೋಡಿದರೆ ಬೋಲ್ಟಿನ ಸುತ್ತಲಿನ ರಬ್ಬರು ತಿರುಚಿ ಹರಿದಿತ್ತು. ಇದರಲ್ಲಿ ಅಜ್ಜಿಯನ್ನು ಕೂರಿಸುವ ಹಾಗಿರಲಿಲ್ಲ. ಅಂದು ಮಾವ ಊಟಕ್ಕೆ ಬರಲಿಲ್ಲ.

ಮರುದಿನ ಬಾನೆಟ್ಟಿಗೆ ಅಂಗೈ ಊರಿ ಬಹಳ ಹೊತ್ತು ಒತ್ತುತ್ತಾ ನಿಂತರು. ಆಮೇಲೆ ಹೊಸ ರಬ್ಬರು ಹಾಕಿ, ಬೋಲ್ಟುಗಳನ್ನು ಸಡಿಲವಾಗಿಯೇ ಬಿಟ್ಟು, ಚಕ್ರಗಳನ್ನು ನೆಲಕ್ಕೆ ಇಳಿಸಿ ನಮ್ಮನ್ನೆಲ್ಲ ಕರೆದರು.

"ಭಾರ ಕೂರೋಕ್ಕೆ ಮುಂಚೇನೇ ಬಿಗಿದ್ಬಿಟ್ಟೆ. ಅದಕ್ಕೇ ರಬ್ಬರು ತಿರುಚ್ತು. ಎಲ್ಲಾರೂ ಏರಿ ಕೂತ್ಕೊಳ್ಳಿ. ಅವ್ವ, ನೀನು ಮುಂದೆ."

ಎತ್ತರದ ಗಾಡಿಗೆ ಅಜ್ಜಿ ಹತ್ತಬೇಕಲ್ಲ! ನೇಯುವವರು ಕೂರುವ ಹಲಗೆಗಳನ್ನೇ ಜೋಡಿಸಿ ಮೆಟ್ಟಿಲು ಮಾಡಿದರು. ಅಮ್ಮ, ಅತ್ತೆ, ನಾನು ಹಿಂದೆ. ನಮ್ಮ ಬೆನ್ನಿಗೆ, ಭಾರಕ್ಕೆಂದು, ಬಟ್ಟೆಯ ಮೂಟೆ. ಎಲ್ಲಿಗೂ ಹೋಗದ ಗಾಡಿಯಲ್ಲಿ ಮದುವೆ ದಿಬ್ಬಣದವರಂತೆ ಕೂತೆವು. ಮಾವ ಗುಂಡಿಯೊಳಗಿಂದ ಒಂದೊಂದೇ ಬೋಲ್ಟ್ ಬಿಗಿದರು. ಅಜ್ಜಿ ಸ್ವಲ್ಪ ಮಿಸುಕಿದರೂ ಕೆಳಗಿನಿಂದ ಗದರಿಕೆ ಬರುತ್ತಿತ್ತು.

ಮುಂದಿನ ವಾರ ಅದೇ ಹಳ್ಳ. ಬಂಡೆ ಹೊಟ್ಟೆಯಡಿಯಲ್ಲಿ ತಣ್ಣಗೆ ಹಾದುಹೋಯಿತು. ಒಂದು ಸದ್ದೂ ಇಲ್ಲ. ಹಾಸಿಗೆಯ ಮೇಲಿದ್ದ ಅಕ್ಕ ತಂಗಿಯ ಮುಖ ಸವರಿ, "ಏನೇ, ನೀನೂ ಮುದುಕಿ ಆಗ್ಬಿಟ್ಟೆ," ಎಂದಳು. ಇಬ್ಬರೂ ಅತ್ತರು, ನಕ್ಕರು. ಮಾವ ಅಂಗಳದಲ್ಲಿ ನಿಂತು, ಕೇಳದವರಿಗೂ ಗಾಡಿ ಎತ್ತರಿಸಿದ ಕತೆ ಹೇಳುತ್ತಿದ್ದರು. ತಮ್ಮ ತಪ್ಪನ್ನೂ ಸೇರಿಸಿ, ಅದನ್ನೂ ಜಂಬದಿಂದಲೇ.

ಎರಡು ವರ್ಷದ ಹಿಂದೆ ಮಾವನ ಎದೆ ಕೈಕೊಟ್ಟಿತು. ಕೊನೆಯ ಸಲ ಆಸ್ಪತ್ರೆಯಲ್ಲಿ ಕಂಡಾಗ ಹಾಸಿಗೆಯನ್ನು ಒತ್ತಿ ತೋರಿಸಿ, ಸೋಫಾದ ಮಾತನ್ನೇ ಹೇಳಿ ನನ್ನನ್ನು ನಗಿಸಿದರು. ಅಜ್ಜಿಯ ಅಕ್ಕ, ನಮ್ಮ ದೊಡ್ಡಜ್ಜಿ, ಇನ್ನೂ ಇದ್ದಾಳೆ. ಈಗ ಅಜ್ಜಿಯನ್ನು ಅದೇ ಗಾಡಿಯಲ್ಲಿ ಅಲ್ಲಿಗೆ ಕರೆದೊಯ್ಯುವವಳು ನಾನು. ಮೊನ್ನೆ ಅಮ್ಮನಿಗೆ ಕಾಲುನೋವೆಂದು ಮುಂದಿನ ಸೀಟು ಬಿಟ್ಟುಕೊಡಲು ಕೇಳಿದೆ. ಅಜ್ಜಿ ಹಲಗೆ ಹತ್ತಿ, ತನ್ನ ಜಾಗದಲ್ಲೇ ಕೂತು, ಸೆರಗು ಸರಿಮಾಡಿಕೊಂಡಳು.

"ಇಲ್ಲಿ ಬೇರೆ ಯಾರೂ ಕೂರಬಾರದು. ನನ್ನ ಮಗ ನನ್ನ ಭಾರ ನೋಡಿ ಬಿಗಿದವ್ನೆ."