ಸಣ್ಣ ಆಂಪ್ ಮತ್ತು ಭಟ್ರ ಚಾನೆಲ್

ಮೊದಲೇ ಹೇಳಿಬಿಡುತ್ತೇನೆ, ಈ ವಿಷಯದಲ್ಲಿ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಸಿಟ್ಟು ಬಂದಾಗ ನೆನಪು ತನಗೆ ಬೇಕಾದಂತೆ ಉಬ್ಬಿಕೊಳ್ಳುತ್ತದೆ ಎಂಬುದೂ ನನಗೆ ಗೊತ್ತು. ಹಾಗಾಗಿ ಅನುಮಾನ ಇರುವ ಕಡೆಯೆಲ್ಲ ಅನುಮಾನ ಉಂಟು ಎಂದೇ ಬರೆಯುತ್ತೇನೆ. ಉಳಿದದ್ದನ್ನು ನಂಬಬಹುದು.

ಆಂಪ್‌ನ ಬಗ್ಗೆ ಅನುಮಾನವಿಲ್ಲ. ಎಲೆಕ್ಟ್ರಿಕ್ ಗಿಟಾರಿನ ಸ್ವರವನ್ನು ದೊಡ್ಡದು ಮಾಡಿ ಕೇಳಿಸುವ ಪೆಟ್ಟಿಗೆ ಅದು. ಎಂ.ಎ. ಓದುವಾಗ ಹಾಸ್ಟೆಲ್ ಕೋಣೆಗೆಂದು ಕೊಂಡದ್ದು. ಒಬ್ಬಳೇ ಕುಳಿತು ಅಭ್ಯಾಸ ಮಾಡಲು, ಪಕ್ಕದ ಕೋಣೆಯವಳು ಗೋಡೆ ತಟ್ಟದ ಹಾಗೆ ನುಡಿಸಲು ಅದಕ್ಕಿಂತ ಒಳ್ಳೆಯದು ಬೇಡ. ಪುತ್ತೂರಿನಿಂದ ಆಲಂಕಾರಿಗೆ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋಗುತ್ತಿದ್ದೆ. ಕಂಡಕ್ಟರ್ ಒಮ್ಮೆ ಕೇಳಿದ, "ಇದೆಂತ ಅಕ್ಕ, ಮಿಕ್ಸಿ ರಿಪೇರಿಗಾ?"

ಆಲಂಕಾರಿನಲ್ಲಿ ನಮ್ಮ ತಂಡದ ಅಭ್ಯಾಸ ನಡೆಯುತ್ತಿತ್ತು, ಭಾನುವಾರ ಮಧ್ಯಾಹ್ನ. ಮದುವೆ, ಗೃಹಪ್ರವೇಶ, ಶಾಲೆಯ ವಾರ್ಷಿಕೋತ್ಸವಗಳಲ್ಲಿ ಹಾಡುವ ರಸಮಂಜರಿ ತಂಡ. ನಾವು ನಾಲ್ಕೇ ಜನ. ತಂಡದ ಯಜಮಾನರು ಕೀಬೋರ್ಡ್ ನುಡಿಸುತ್ತಿದ್ದರು. ಅವರದ್ದು ಶಾಮಿಯಾನ ಮತ್ತು ಸೌಂಡ್ಸ್ ಬಾಡಿಗೆಗೆ ಕೊಡುವ ಉದ್ಯೋಗ. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಕಾಲೇಜಿನಲ್ಲಿ ಪಾಠ ಮಾಡುವವಳಾದ ಕಾರಣ ಅವರು ನನ್ನನ್ನು ಟೀಚರ್ ಎನ್ನುತ್ತಿದ್ದರು. ಡ್ರಮ್ಮಿಗೆ ಗುತ್ತಿಗಾರಿನ ಒಬ್ಬ ಯುವಕ. ಹಾಡಲು ಕಡಬದ ಒಬ್ಬಳು. ಹಗಲು ಬಟ್ಟೆ ಅಂಗಡಿಯಲ್ಲಿ ಕೆಲಸ, ಸ್ವರ ಮಾತ್ರ ಚಿನ್ನ. ನಾಲ್ಕನೆಯವಳು ನಾನು, ಗಿಟಾರ್.

ಅಭ್ಯಾಸದ ಜಾಗ ಯಜಮಾನರ ಗೋಡೌನು. ಇದನ್ನು ಬರೆಯುವಾಗಲೇ ಮೈ ಉರಿಯುತ್ತದೆ. ಶೀಟಿನ ಮಾಡು, ಸಿಮೆಂಟಿನ ನೆಲ, ಒಂದು ಬದಿಗೆ ಪೇರಿಸಿದ ಪ್ಲಾಸ್ಟಿಕ್ ಕುರ್ಚಿ, ಇನ್ನೊಂದು ಬದಿಗೆ ನೆಲದಿಂದ ಮಾಡಿನವರೆಗೆ ಸ್ಪೀಕರ್ ಬಾಕ್ಸುಗಳು. ಒಂದು ಇಡೀ ಪೇಟೆಯನ್ನು ಎಬ್ಬಿಸಿ ಕೂರಿಸುವಷ್ಟು ಬಾಕ್ಸುಗಳು! ಅವುಗಳ ಎದುರು ನೆಲದ ಮೇಲೆ, ಆನೆಯ ಎದುರು ಇಲಿಯ ಹಾಗೆ, ನನ್ನ ಆಂಪ್.

ಯಜಮಾನರ ಕೀಬೋರ್ಡಿನ ಸ್ವರ, ಎಲ್ಲ ಸ್ವರಗಳನ್ನು ಸೇರಿಸಿ ಹೊಂದಿಸುವ ಮಿಕ್ಸರಿಗೆ ಹೋಗುತ್ತಿತ್ತು, ಅಲ್ಲಿಂದ ಎರಡು ದೊಡ್ಡ ಬಾಕ್ಸಿಗೆ. ಗಾಯಕಿಯ ಮೈಕೂ ಅಲ್ಲಿಗೇ. ಡ್ರಮ್ಮಿಗೆ ಯಾವುದರ ಅಗತ್ಯವೂ ಇರಲಿಲ್ಲ. ಅವನ ಮನೆ ಕಾಡಿನ ಅಂಚಿನಲ್ಲಿ. ತೋಟಕ್ಕೆ ಆನೆ ಬಂದರೆ ತಗಡು ಬಡಿದು ಓಡಿಸಿ ಬೆಳೆದ ಕೈ. ಮೆಲ್ಲ ಎಂಬ ಪದ ಆ ಕೈಗೆ ತಿಳಿದಿರಲಿಲ್ಲ.

"ಸ್ವಲ್ಪ ಮೆಲ್ಲ ಬಾರಿಸು ಮಾರಾಯ," ಎಂದೆ ಮೊದಲ ದಿನವೇ.

"ಮೆಲ್ಲ ಬಾರಿಸಿದರೆ ತಾಳ ಬರುದಿಲ್ಲ ಅಕ್ಕ. ನೀವು ಜೋರು ಮಾಡಿ."

ಜೋರು ಮಾಡಿದೆ. ಸಣ್ಣ ಆಂಪ್‌ನಲ್ಲಿ ವಾಲ್ಯೂಮ್ ಪೂರ್ತಿ ತಿರುಗಿಸಿದರೆ ಸ್ವರ ದೊಡ್ಡದಾಗುವುದಿಲ್ಲ, ಒಡೆಯುತ್ತದೆ. ಒಂದೊಂದು ತಂತಿಯ ಸ್ವರವೂ ಬೇರೆ ಬೇರೆ ಕೇಳಬೇಕಾದಲ್ಲಿ ಹುರಿಯಕ್ಕಿ ಹುರಿದ ಹಾಗೆ ಬರುತ್ತದೆ. ಯಜಮಾನರು ಕೀಬೋರ್ಡಿನಿಂದ ತಲೆ ಎತ್ತದೆ ಹೇಳಿದರು, "ಟೀಚರ್, ನಿಮ್ಮ ಕೈ ಸ್ವಲ್ಪ ಒರಟು ಉಂಟು. ಗರ್‍ರ್ ಅಂತದೆ."

ಕೈ ಅಲ್ಲ, ಪೆಟ್ಟಿಗೆ ಎಂದೆ. ಅವರು ನಕ್ಕರು. ಡ್ರಮ್ಮಿನವನೂ ನಕ್ಕ. ಗಾಯಕಿ ನಕ್ಕಳೋ ಇಲ್ಲವೋ ನೆನಪಿಲ್ಲ. ನಕ್ಕಿರಲಿಲ್ಲ ಎಂದು ಈಗ ಅವಳು ಹೇಳುತ್ತಾಳೆ, ನಂಬುತ್ತೇನೆ.

ಹೊಸ ಕಾರ್ಯಕ್ರಮಕ್ಕೆ ನಾನೊಂದು ಆರಂಭ ಕಟ್ಟಿದ್ದೆ. ಹಾಡು ಶುರುವಾಗುವ ಮೊದಲು ಗಿಟಾರ್ ಒಂದೇ ನುಡಿಯುವ ಸಣ್ಣ ತುಣುಕು. ನನ್ನದೇ. ಅದಕ್ಕೆಂದೇ ಆ ತಂಡದಲ್ಲಿ ಇದ್ದೆ ಎಂದರೂ ತಪ್ಪಲ್ಲ. ಅಭ್ಯಾಸದ ಮೊದಲ ವಾರಗಳಲ್ಲಿ ಅದರ ಕೊನೆಯ ಸ್ವರಗಳು ಮೇಲಕ್ಕೆ ಏರಿ ನಿಲ್ಲುತ್ತಿದ್ದವು. ಅದು ಮೆಚ್ಚಿಸಲಿಕ್ಕೆ ನುಡಿಸಿದ ಹಾಗೆ ಅನಿಸಿ, ಆಮೇಲೆ ಬದಲಿಸಿ ಕೆಳಕ್ಕೆ ಇಳಿಸಿದೆ, ಬಾಗಿಲು ಮೆಲ್ಲ ಹಾಕಿದ ಹಾಗೆ. ತುಣುಕು ಶುರುವಾಗುವಾಗ ನಾನೊಬ್ಬಳೇ ಇರಬೇಕಿತ್ತು. ಆದರೆ ಡ್ರಮ್ಮಿನವನು ಪ್ರತಿ ಸಲವೂ ಮೊದಲೇ ತಾಳ ಹಿಡಿದುಬಿಡುತ್ತಿದ್ದ. "ಕೇಳುದಿಲ್ಲ ಅಕ್ಕ, ನೀವು ಶುರು ಮಾಡಿದ್ದು ಗೊತ್ತೇ ಆಗುದಿಲ್ಲ," ಎನ್ನುತ್ತಿದ್ದ. ಯಜಮಾನರೂ ಅದನ್ನೇ ಹೇಳುತ್ತಿದ್ದರು. "ನೀವು ನುಡಿಸುದು ನಮಗೆ ಕೇಳುದೇ ಇಲ್ಲ ಟೀಚರ್. ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ."

ಗಾಯಕಿ ಒಂದು ಭಾನುವಾರದ ಅಭ್ಯಾಸವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಗ್ರೂಪಿಗೆ ಹಾಕಿದಳು. ಮನೆಗೆ ಬಂದು ಕೇಳಿದೆ. ಡ್ರಮ್ ಉಂಟು, ಕೀಬೋರ್ಡ್ ಉಂಟು, ಅವಳ ಚಿನ್ನದ ಸ್ವರ ಉಂಟು. ಹಿಂದಿನಿಂದ ರಸ್ತೆಯಲ್ಲಿ ಹೋದ ಒಂದು ಜೀಪಿನ ಹಾರ್ನ್ ಕೂಡ ಉಂಟು. ನಾನು ಇಲ್ಲ. ಆ ದಿನ ಬಹಳ ಚೆನ್ನಾಗಿ ನುಡಿಸಿದ್ದೆ ಎಂದು ಖುಷಿಯಿಂದ ಬಸ್ ಹತ್ತಿದ್ದೆ. ನನ್ನ ಹೊರತು ಬೇರೆ ಯಾರೂ ಕೇಳದೆ ಇದ್ದದ್ದನ್ನು ಚೆನ್ನಾಗಿತ್ತು ಎಂದು ಹೇಳುವ ಹಕ್ಕು ನನಗೆ ಉಂಟೇ? ಈ ಪ್ರಶ್ನೆಯನ್ನು ಪುಸ್ತಕ ಓದಿದವಳ ಹಾಗೆ ಸ್ವಲ್ಪ ಹೊತ್ತು ಯೋಚಿಸಿದೆ. ಆಮೇಲೆ ಸಿಟ್ಟು ಬಂತು. ಜೀಪಿನ ಹಾರ್ನಿಗೆ ಸಿಕ್ಕಿದ ಜಾಗ ನನಗೆ ಸಿಕ್ಕಿರಲಿಲ್ಲ.

ಮುಂದಿನ ವಾರ ಯಜಮಾನರನ್ನು ಕೇಳಿದೆ. ಮಿಕ್ಸರಿನಲ್ಲಿ ಒಂದು ಚಾನೆಲ್, ಎಂದರೆ ಒಂದು ಮೈಕಿನ ಸ್ವರ ಹೋಗುವ ದಾರಿ, ಖಾಲಿ ಇತ್ತು, ಅದರ ಮೈಕು ಸ್ಟ್ಯಾಂಡಿನಲ್ಲೇ ಸುಮ್ಮನೆ ನಿಂತಿತ್ತು. ಆ ಮೈಕನ್ನು ನನ್ನ ಆಂಪ್‌ನ ಎದುರು ಇಟ್ಟರೆ ಮುಗಿಯಿತು. ಸಣ್ಣ ಆಂಪ್ ಮೆಲ್ಲ ನುಡಿದರೂ ಸಾಕು, ದೊಡ್ಡ ಬಾಕ್ಸ್ ಉಳಿದದ್ದನ್ನು ನೋಡಿಕೊಳ್ಳುತ್ತದೆ.

ಯಜಮಾನರು ನಾನು ದೇವರ ಕೋಣೆಗೆ ಚಪ್ಪಲಿ ಹಾಕಿ ಹೋದ ಹಾಗೆ ನೋಡಿದರು.

"ಅದು ಭಟ್ರದ್ದು ಟೀಚರ್."

ನಿಜ, ಆ ಚಾನೆಲ್ಲಿನ ಗುಂಡಿಗಳ ಕೆಳಗೆ ಹಳದಿ ಟೇಪು ಅಂಟಿಸಿ ಪೆನ್ನಿನಲ್ಲಿ 'ಭಟ್ರು' ಎಂದು ಬರೆದಿತ್ತು. ಮದುವೆಗಳಲ್ಲಿ ಮಂತ್ರ ಹೇಳುವ ಭಟ್ರ ಮೈಕಿಗೆ ಮೀಸಲು. ಒಮ್ಮೆ ಮುಹೂರ್ತದ ಹೊತ್ತಿಗೆ ಸರಿಯಾಗಿ ಆ ಮೈಕು ಕೂಗಿ, ಮದುಮಗಳು ಬೆದರಿ, ದೊಡ್ಡ ಗಲಾಟೆಯಾಗಿತ್ತಂತೆ. ಅಂದಿನಿಂದ ಆ ಚಾನೆಲ್ಲನ್ನು ಒಮ್ಮೆ ಸರಿ ಮಾಡಿ ಇಟ್ಟ ಮೇಲೆ ಯಾರೂ ಮುಟ್ಟಬಾರದು.

"ಆದರೆ ಅಣ್ಣ, ಇಲ್ಲಿ ಭಟ್ರು ಇಲ್ಲವಲ್ಲ?"

"ಇಲ್ಲದಿದ್ದರೂ ಅದು ಅವರದ್ದೇ."

"ನಾನು ಇದ್ದೇನೆ."

"ನೀವು ಇದ್ದೀರಿ, ಸರಿ. ಅದಕ್ಕೆಂತ ಈಗ?"

ಇಡೀ ಘಟನೆಯಲ್ಲಿ ನನಗೆ ಅಕ್ಷರ ಅಕ್ಷರ ನೆನಪಿರುವ ಮಾತು ಅದು. ಬಾರದ ಭಟ್ರಿಗೆ ಪ್ರತಿ ಭಾನುವಾರ ಒಂದು ಜಾಗ ಕಾಯ್ದಿರಿಸಿತ್ತು. ಬಸ್ಸಿನಲ್ಲಿ ಆಂಪ್ ಹೊತ್ತು ಬಂದವಳಿಗೆ ನೆಲ.

ನಾನು ಕೇಳುವುದನ್ನು ನಿಲ್ಲಿಸಿದೆ. ಒಂದು ಭಾನುವಾರ ಯಾರೋ ಬುಕಿಂಗಿಗೆ ಫೋನ್ ಮಾಡಿದರು, ಯಜಮಾನರು ಮಾತನಾಡುತ್ತಾ ರಸ್ತೆಯ ಕಡೆಗೆ ಹೋದರು. ಎದ್ದೆ, ಭಟ್ರ ಮೈಕನ್ನು ಬಗ್ಗಿಸಿ ಆಂಪ್‌ನ ಎದುರು ಇಟ್ಟೆ. ಆಂಪ್‌ನ ವಾಲ್ಯೂಮ್ ಇಳಿಸಿದೆ, ಚಾನೆಲ್ಲನ್ನು ಏರಿಸಿದೆ. ನನ್ನ ತುಣುಕನ್ನು ನುಡಿಸಿದೆ, ಕೊನೆಗೆ ಕೆಳಕ್ಕೆ ಇಳಿಯುವ ಹೊಸ ರೀತಿಯಲ್ಲಿ.

ಆಂಪ್‌ನೊಳಗಿನ ಸ್ಪೀಕರಿನ ಕಾಗದ ಅಷ್ಟು ದಿನದ ಒತ್ತಾಯಕ್ಕೆ ಎಲ್ಲೋ ಹರಿದಿತ್ತು, ಒಂದೆರಡು ದಪ್ಪ ಸ್ವರ ನಡುಗಿದವು. ಆದರೂ ಕೇಳಿತು. ಗೋಡೌನಿನ ಶೀಟು ಕೂಡ ಕೇಳಿಸಿಕೊಂಡಿತು. ಡ್ರಮ್ಮಿನವನ ಕೋಲು ಮೇಲೆಯೇ ನಿಂತಿತು.

"ಇದು ನೀವಾ ಅಕ್ಕ?"

"ಮತ್ತೆ ಯಾರು, ಭಟ್ರಾ?" ಎಂದಳು ಗಾಯಕಿ.

"ಅಲ್ಲ, ಇಷ್ಟು ಚಂದ ಉಂಟು ಅಂತ ಗೊತ್ತೇ ಇರ್ಲಿಲ್ಲ. ಮೊದಲೇ ಹೇಳುದಲ್ಲವಾ?"

ಮೊದಲೇ ಹೇಳುದಲ್ಲವಾ! ಅವನನ್ನು ಬೈಯಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಯಜಮಾನರು ಓಡಿ ಬಂದರು. ಗಿಟಾರಿನ ಬಗ್ಗೆ ಒಂದು ಮಾತಿಲ್ಲ. "ಭಟ್ರ ಚಾನೆಲ್ ಮುಟ್ಟಿದ್ದು ಯಾರು?" ಎಂದವರೇ ಗುಂಡಿಗಳನ್ನು ಹಿಂದಿದ್ದಲ್ಲಿಗೆ ತಿರುಗಿಸಿ, ಮೈಕನ್ನು ಪುನಃ ನೆಟ್ಟಗೆ ನಿಲ್ಲಿಸಿ, ಅದರ ಮೇಲೆ ಒಂದು ಟವೆಲ್ ಹೊದಿಸಿದರು.

ಕಾರ್ಯಕ್ರಮ ಪುತ್ತೂರಿನ ಒಂದು ಮದುವೆ ಹಾಲಿನಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ. ಅದಕ್ಕೆ ಮೊದಲಿನ ಕೊನೆಯ ಅಭ್ಯಾಸದಲ್ಲಿ ಯಜಮಾನರು ತೀರ್ಮಾನ ಹೇಳಿದರು. ನನ್ನ ಆಂಪ್ ತರುವುದು ಬೇಡ, ಅದು ಹಾಲಿಗೆ ಸಾಲುವುದಿಲ್ಲ. ಗಿಟಾರಿನ ಭಾಗವನ್ನು ಅವರು ಕೀಬೋರ್ಡಿನಲ್ಲೇ ಗಿಟಾರಿನ ಟೋನ್ ಹಾಕಿ ನುಡಿಸುತ್ತಾರೆ.

"ಮತ್ತೆ ನಾನೆಂತ ಮಾಡುದು?"

"ನೀವು ಗಿಟಾರ್ ಹಿಡಿದು ನಿಲ್ಲಿ. ಹುಡುಗಿಯರು ಗಿಟಾರ್ ಹಿಡಿದರೆ ಸ್ಟೇಜಿಗೆ ಒಂದು ಕಳೆ ಟೀಚರ್. ಸುಮ್ಮನೆ ಕೈ ಆಡಿಸಿದರೆ ಸಾಕು."

"ಭಟ್ರ ಕೆಲಸ ಮುಗಿದ ಮೇಲೆ ಆ ಮೈಕು ಖಾಲಿಯೇ ಅಲ್ಲವಾ? ನಾನು ಆಂಪ್ ತಂದೇ ತರ್ತೇನೆ. ಮೆಲ್ಲ ಇಟ್ಟರೆ ಸಾಕು, ಎದುರಿಗೆ ಮೈಕು ಇಡುವ."

ಅವರು ಏನೆಂದರು? ಆಗಲಿ ಎಂದರು ಎಂದು ಆ ಸಂಜೆ ಡೈರಿಯಲ್ಲಿ ಬರೆದಿದ್ದೇನೆ. ನೋಡುವ ಎಂದಿದ್ದೆ ಎಂದು ಅವರು ಆಮೇಲೆ ವಾದಿಸಿದರು. ಯೋಚಿಸಿದರೆ, ಅವರು ಹೇಳಿದ್ದೇ ಸರಿ ಇರಬಹುದು. ನಮ್ಮ ಕಡೆ ಮುಖಕ್ಕೆ ಆಗುದಿಲ್ಲ ಎನ್ನಲು ಕಷ್ಟವಾದವರು ನೋಡುವ ಎನ್ನುತ್ತಾರೆ, ನನಗೇನು ಗೊತ್ತಿಲ್ಲದ್ದಲ್ಲ. ನನಗೆ ಆಗಲಿ ಎಂದು ಕೇಳಬೇಕಿತ್ತು, ಕೇಳಿಸಿಕೊಂಡೆ.

ಮದುವೆಯ ದಿನ ಆಂಪ್ ತೆಗೆದುಕೊಂಡೇ ಹೋದೆ. ಅದನ್ನು ವೇದಿಕೆಯ ಹಿಂದೆ, ಖಾಲಿ ಹೂವಿನ ಬುಟ್ಟಿಗಳ ಪಕ್ಕ ಇಡಿಸಿದರು. ಮುಹೂರ್ತದ ಹೊತ್ತಿಗೆ ಭಟ್ರು ಬಂದರು, ವಯಸ್ಸಾದವರು, ತುಂಬು ಕಂಠ. ಯಜಮಾನರು ಎರಡೂ ಕೈಯಲ್ಲಿ ಮೈಕು ಹಿಡಿದು ಹೋದರು.

"ಇದರ ಉಪದ್ರ ನನಗೆ ಬೇಡ ಮಾರಾಯ," ಎಂದರು ಭಟ್ರು. "ನನ್ನ ಸ್ವರ ಸಾಕು. ಮತ್ತೆ ವಿಡಿಯೋದವ ಇಲ್ಲಿ ಅಂಗವಸ್ತ್ರಕ್ಕೆ ಎಂತದೋ ಸಣ್ಣ ಮೈಕು ಸಿಕ್ಕಿಸಿದ್ದಾನೆ, ಅದು ಬೇರೆ."

ಮೈಕು ಹಿಂದಕ್ಕೆ ಬಂತು. ವರ್ಷವಿಡೀ ಕಾಯ್ದ ಚಾನೆಲ್ ಭಟ್ರಿಗೂ ಬೇಡ. ನಾನು ಯಜಮಾನರ ಮುಖ ನೋಡಿದೆ. ಅವರು ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಟವೆಲ್ ಹೊದಿಸಿ, ನನ್ನ ಕಡೆ ತಿರುಗದೆ ಹೇಳಿದರು, "ಶುರು ಮಾಡುವ."

ಊಟದ ಮೊದಲ ಪಂಕ್ತಿ ಒಳಗೆ ಹೋಗಿತ್ತು, ಎರಡನೆಯ ಪಂಕ್ತಿಗೆ ಕಾಯುವವರು ಕುರ್ಚಿಗಳಲ್ಲಿ ಕುಳಿತಿದ್ದರು. ನಾನು ಗಿಟಾರ್ ಹಾಕಿಕೊಂಡು ಹೇಳಿದ ಜಾಗದಲ್ಲಿ ನಿಂತೆ. ಗಿಟಾರಿನಿಂದ ಒಂದು ಕೇಬಲ್ ಇಳಿದು ಪರದೆಯ ಹಿಂದೆ ಹೋಗಿತ್ತು; ನೋಡಿದವರಿಗೆ ಎಲ್ಲವೂ ಸರಿಯಾಗಿ ಕಾಣಬೇಕಲ್ಲ.

ಯಜಮಾನರು ನನ್ನ ತುಣುಕನ್ನು ನುಡಿಸಿದರು.

ಒಂದು ಸ್ವರ ತಪ್ಪಿಲ್ಲ. ನಾನು ಎಲ್ಲಿ ಎಳೆಯುತ್ತಿದ್ದೆನೋ ಅಲ್ಲಿ ಎಳೆದರು, ಎಲ್ಲಿ ಉಸಿರು ಬಿಡುತ್ತಿದ್ದೆನೋ ಅಲ್ಲಿ ಬಿಟ್ಟರು. ಭಟ್ರ ಮೈಕಿನಲ್ಲಿ ನುಡಿಸಿದ ದಿನ ರಸ್ತೆಯಿಂದ ಕೇಳಿ ಕಲಿತಿರಬೇಕು ಎಂದುಕೊಂಡೆ. ಒಮ್ಮೆ ಕೇಳಿದರೆ ಕಲಿಯುವ ಕಿವಿ ಅವರದ್ದು, ಅದನ್ನು ಒಪ್ಪುತ್ತೇನೆ. ಆದರೆ ಕೊನೆಗೆ ಬಂದಾಗ ಸ್ವರಗಳು ಇಳಿಯಲಿಲ್ಲ. ಮೇಲಕ್ಕೆ ಏರಿ ನಿಂತವು. ಅದು ನನ್ನ ಹಳೆಯ ಕೊನೆ. ದೊಡ್ಡ ಬಾಕ್ಸಿನಲ್ಲಿ ಅದನ್ನು ನಾನು ಒಮ್ಮೆಯೂ ನುಡಿಸಿರಲಿಲ್ಲ. ಗೋಡೌನಿನ ನೆಲದ ಮೇಲೆ, ಆ ಸಣ್ಣ ಆಂಪ್‌ನಲ್ಲಿ, ಯಾರಿಗೂ ಕೇಳುದೇ ಇಲ್ಲ ಎಂದ ದಿನಗಳಲ್ಲಿ ಮಾತ್ರ ನುಡಿಸಿದ್ದೆ.

ಕೇಳುತ್ತಿತ್ತು. ಅವರಿಗೆ ಮೊದಲಿನಿಂದಲೂ ಕೇಳುತ್ತಿತ್ತು.

ಹಾಡು ಶುರುವಾಯಿತು, ನಡುವೆ ಪುನಃ ಗಿಟಾರಿನ ಭಾಗ ಬಂತು. ನಾನು ಎರಡೂ ಕೈಗಳನ್ನು ತಂತಿಯಿಂದ ತೆಗೆದೆ. ಜಡೆಯನ್ನು ಬಿಚ್ಚಿ, ಮೆಲ್ಲ, ಪುನಃ ಹೆಣೆದೆ. ಗಿಟಾರ್ ಎದೆಯ ಮೇಲೆ ತೂಗುತ್ತಿತ್ತು, ಬಾಕ್ಸುಗಳಿಂದ ಗಿಟಾರ್ ಬರುತ್ತಲೇ ಇತ್ತು. ಯಜಮಾನರು ಕಣ್ಣಿನಲ್ಲೇ ಬೇಡ ಬೇಡ ಎಂದರು. ಅವರಿಗೆ ನಿಲ್ಲಿಸಲು ಆಗುವ ಹಾಗಿರಲಿಲ್ಲ, ಅವರ ಎರಡೂ ಕೈ ನನ್ನ ಕೆಲಸದಲ್ಲಿ ಇತ್ತು.

ಮುಂದಿನ ಸಾಲಿನ ಒಬ್ಬರು ಅಜ್ಜಿ ಪಕ್ಕದವರಿಗೆ ನನ್ನ ಕಡೆ ಬೆರಳು ತೋರಿಸಿ ಏನೋ ಹೇಳಿ ನಕ್ಕರು. "ಕೈ ಅಲ್ಲಿ ಉಂಟು, ಸ್ವರ ಎಲ್ಲಿಂದ ಬರುದು?" ಎಂದರು ಎಂದು ನಾನು ಬಹಳ ಜನರಿಗೆ ಹೇಳಿದ್ದೇನೆ. ಆ ಗದ್ದಲದಲ್ಲಿ ಅದು ಕೇಳಿರಲು ಸಾಧ್ಯವಿಲ್ಲ. ಬೆರಳು ಮಾತ್ರ ನಿಜ. ಉಳಿದವರು ಯಾರೂ ಗಮನಿಸಲಿಲ್ಲ, ಎಲ್ಲರ ಕಣ್ಣು ಊಟದ ಬಾಗಿಲ ಮೇಲಿತ್ತು ಎಂದು ಗಾಯಕಿ ಹೇಳುತ್ತಾಳೆ.

ಮುಗಿದ ಮೇಲೆ ಯಜಮಾನರು ಕೀಬೋರ್ಡ್ ಮುಚ್ಚುತ್ತಾ ಹೇಳಿದರು, "ಮರ್ಯಾದೆ ತೆಗೆದಿರಿ ಟೀಚರ್."

"ಹಳೆಯ ಕೊನೆ ನುಡಿಸಿದಿರಿ ಅಣ್ಣ," ಎಂದೆ. "ನಾನು ಅದನ್ನು ಬದಲಿಸಿದ್ದೆ."

ಅವರು ಮುಚ್ಚಳದ ಕೊಕ್ಕೆ ಹಾಕುತ್ತಿದ್ದವರು ಒಂದು ಕ್ಷಣ ನಿಂತರು. ಮುಖ ಕೆಂಪಾಯಿತು ಎಂದು ಬರೆಯಲು ಆಸೆಯಾಗುತ್ತದೆ, ಆದರೆ ನಾನು ನೋಡಲಿಲ್ಲ. ವೇದಿಕೆಯ ಹಿಂದೆ ಹೋಗಿ ಹೂವಿನ ಬುಟ್ಟಿಗಳ ನಡುವಿನಿಂದ ಆಂಪ್ ಎತ್ತಿಕೊಂಡೆ. ಆಮೇಲೆ ಗಿಟಾರಿನ ಕೇಬಲ್ ಹಿಡಿದು ಎಳೆದೆ. ಎಲ್ಲಿಗೂ ಸಿಕ್ಕಿಸಿರಲಿಲ್ಲವಲ್ಲ, ಎಳೆದ ಕೂಡಲೇ ಬಂತು.